ಕೇಳದೆ ತುಂಬಿದ ಕಾರ್ಡು

೧೯೮೮ರಲ್ಲಿ ನನ್ನ ಸಾಲಿ ನಿಂತಿತು. ಎಂಟನೇ ಇಯತ್ತೆಯ ದೀಪಾವಳಿ ಸೂಟಿಗೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದಿದ್ದೆ. ನವಿ ಪೇಠದಲ್ಲಿ ನಮ್ಮ ಸೋದರಮಾವನ ಬಟ್ಟೆ ಅಂಗಡಿ ಇತ್ತು. ಹಬ್ಬದ ಗದ್ದಲಕ್ಕೆ ಒಂದು ಕೈ ಕಡಿಮೆ ಬಿದ್ದಿತ್ತು. ಸೂಟಿ ಮುಗಿದ ಮೇಲೆ ಯಾರೂ ನನಗೆ ಇರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಾವ ಮೀಟರ್ ಪಟ್ಟಿ ಕೈಗಿಟ್ಟ, ನಾನು ಅಳೆಯುತ್ತ ನಿಂತೆ. ಈಗಲೂ ಅಳೆಯುತ್ತೇನೆ, ಅಂಗಡಿ ಮಾತ್ರ ನನ್ನದು. ಮ್ಯಾಚಿಂಗ್ ಸೆಂಟರ್ ಅನ್ನುತ್ತಾರೆ. ಹೆಣ್ಣುಮಕ್ಕಳು ಸೀರೆ ತರುತ್ತಾರೆ, ಅದಕ್ಕೆ ಹೊಂದುವ ಜಂಪರ್ ಪೀಸು, ಅದರೊಳಗೆ ಹಚ್ಚುವ ಅಸ್ತರ, ಸೀರೆಯಂಚಿನ ಫಾಲು ತೆಗೆದುಕೊಡುವುದು. ಕೆಂಪು ಅಂದರೆ ನನ್ನ ಹತ್ತಿರ ಒಂದು ಕೆಂಪಲ್ಲ, ಒಂದು ಗೋಡೆಯ ತುಂಬ ಕೆಂಪು. ಯಾರ ಮುಂದೆಯೂ ಕೈಚಾಚದೆ ಕಟ್ಟಿದ ಅಂಗಡಿ ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕಲಿತದ್ದು ಕನ್ನಡ ಸಾಲಿಯಲ್ಲಿ. ಮರಾಠಿ ನನಗೆ ಬಂದದ್ದು ಪುಸ್ತಕದಿಂದಲ್ಲ, ಪೇಠೆಯಿಂದಲೂ ಅಲ್ಲ, ಭಜನೆಯಿಂದ. ಅಕ್ಕಲಕೋಟೆಯಲ್ಲಿ ನಮ್ಮ ಓಣಿಯ ಗುಡಿಯ ಕಟ್ಟೆಯ ಮೇಲೆ ಸಂಜೆ ಭಜನೆ ಕೂಡುತ್ತಿತ್ತು. ಅದರಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಹಾಡುವವರಿಗೆ ಯಾವುದು ಯಾವುದು ಅನ್ನುವ ಪರಿವೆ ಇರಲಿಲ್ಲ. ಆ ಹಳೇ ಮರಾಠಿಯಲ್ಲಿ ‘ಪುಸಣೆ’ ಅಂದರೆ ಕೇಳುವುದು, ವಿಚಾರಿಸುವುದು. ಭಕ್ತ ದೇವರನ್ನು ಪುಸುತ್ತಾನೆ, ದಾರಿ ತಪ್ಪಿದವ ದಾರಿಹೋಕನನ್ನು ಪುಸುತ್ತಾನೆ. ಪೇಠೆಯ ಮರಾಠಿಯಲ್ಲಿ ಅದೇ ಶಬ್ದಕ್ಕೆ ಒರೆಸುವುದು ಅಂತ ಅರ್ಥ. ಇದು ನನಗೆ ಗೊತ್ತಿರಲಿಲ್ಲ.

ಅಂಗಡಿಗೆ ಬಂದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಏನೋ ಕೇಳಿದಳು. ಗದ್ದಲದಲ್ಲಿ ನನಗೆ ತಿಳಿಯಲಿಲ್ಲ. ಭಾಳ ಮರ್ಯಾದೆಯಿಂದ, “ಕಾಯ್ ಪುಸ್ತಾ, ತಾಯಿ?” ಅಂದೆ. ಏನು ಕೇಳಿದಿರಿ ಅಂತ ನನ್ನ ಲೆಕ್ಕ. ಏನು ಒರೆಸುತ್ತಿದ್ದೀರಿ ಅಂತ ಆಕೆಯ ಲೆಕ್ಕ. ಆಕೆ ಗಾಬರಿಯಾಗಿ ಸೆರಗು ತಗೊಂಡು ಮೊದಲು ಗಲ್ಲ ಒರೆಸಿಕೊಂಡಳು, ಆಮೇಲೆ ಹಣೆ, ಆಮೇಲೆ ಪಕ್ಕದಲ್ಲಿದ್ದ ತನ್ನ ಅತ್ತೆಯ ಕಡೆ ತಿರುಗಿ ಇನ್ನೂ ಏನಾದರೂ ಹತ್ತಿದೆಯೇನು ಅಂತ ಮಾರಿ ತೋರಿಸಿದಳು.

ಅವರು ಹೋದ ಮೇಲೆ ಮಾವ ಅಂದ, “ಲೇ, ಪುಸಣೆ ಅಂದ್ರ ಇಲ್ಲಿ ಒರಸೂದು. ವಿಚಾರಣೆ ಅನಬೇಕು. ಇದು ಪೇಠ ಅದ, ಭಜನಿ ಅಲ್ಲ.”

“ಪುಸಣೆ ಹಳೇ ಮಾತ ಅದರಿ ಮಾಮಾ. ಸಂತರ ಮಾತು.”

“ಸಂತರು ಜಂಪರ್ ಪೀಸ್ ಮಾರತಿರಲಿಲ್ಲ.”

ಅಂಗಡಿಯೆಲ್ಲ ನಕ್ಕಿತು. ಆವಾಗಲೇ ಬಿಟ್ಟಿದ್ದರೆ ಬಿಟ್ಟುಹೋಗುತ್ತಿತ್ತು. ನಾನು ಬಿಡಲಿಲ್ಲ. ಸಾಲಿ ಅರ್ಧಕ್ಕೆ ಬಿಟ್ಟವನಿಗೆ ತಾನಾಗಿ ಕಲಿತ ಒಂದೊಂದು ಮಾತೂ ಆಸ್ತಿ ಇದ್ದಂತೆ. ನಿಮ್ಮ ಮರಾಠಿ ನಿನ್ನೆ ಮೊನ್ನೆಯದು, ನನ್ನದು ಹಳೆಯದು ಅಂತ ಮನಸ್ಸಿನಲ್ಲೇ ಅಂದುಕೊಂಡು ಆ ಶಬ್ದವನ್ನು ಬೇಕಂತಲೇ ಬಳಸುತ್ತ ಬಂದೆ. ಪೇಠೆಯವರಿಗೂ ರೂಢಿಯಾಯಿತು.

ಹಾಡು, ಸಿನೆಮಾದ ಹುಚ್ಚು ಹತ್ತಿದ್ದೂ ಇದೇ ಮನಸ್ಸಿನಿಂದ ಇರಬೇಕು. ಎಲ್ಲರಿಗೂ ಗೊತ್ತಿರುವ ಹಾಡಿನ ಬಗ್ಗೆ ಮಾತಾಡಲು ಪೇಠೆಯಲ್ಲಿ ಕಲಿತವರು ಬೇಕಾದಷ್ಟು ಮಂದಿ ಇದ್ದರು; ಇದು ಇಂಥ ರಾಗ, ಇಂಥವರ ಸಂಗೀತ ಅನ್ನುವವರು. ಅಲ್ಲಿ ನನ್ನ ಮಾತಿಗೆ ಜಾಗ ಇರಲಿಲ್ಲ. ಯಾರೂ ಕೇಳದ ಹಾಡಿನ ಮುಂದೆ ಅವರೂ ನಾನೂ ಒಂದೇ. ಹಾಗಾಗಿ ಕ್ಯಾಸೆಟ್ ತಂದರೆ ನಾನು ಎರಡನೇ ಬಾಜುವಿನ ಕಟ್ಟಕಡೆಯ ಹಾಡಿನಿಂದ ಸುರು ಮಾಡುತ್ತಿದ್ದೆ. ಸಿನೆಮಾ ಅಂದರೆ ಶುಕ್ರವಾರ ಬಂದು ಸೋಮವಾರದೊಳಗೆ ಡಬ್ಬಿ ಕಟ್ಟಿಕೊಂಡು ಹೋಗುವಂಥದ್ದು. ಪೋಸ್ಟರಿನ ಗೋಂದು ಒಣಗುವುದರೊಳಗೆ ನಾನು ನೋಡಿ ಬಂದಿರುತ್ತಿದ್ದೆ. ಒಮ್ಮೆ ಥೇಟರಿನಲ್ಲಿ ಇದ್ದದ್ದು ನಾನು, ಬಾಗಿಲು ಕಾಯುವವ, ಮತ್ತೊಬ್ಬ. ಆ ಮತ್ತೊಬ್ಬ ಬಿಸಿಲಿಗೆ ಮಲಗಲು ಬಂದವನು. ಬಾಗಿಲು ಕಾಯುವವ ಇಂಟರ್ವಲ್‌ನಲ್ಲಿ ನನ್ನ ಹತ್ತಿರ ಬಂದು ಕೂತು, “ಭಾವ್, ಖರೆ ಹೇಳ್ರಿ, ಇದರಾಗ ನಿಮ್ಮ ಸಂಬಂಧಿಕರು ಯಾರರ ಅದಾರೇನು?” ಅಂತ ಕೇಳಿದ್ದ.

ಕ್ಯಾಸೆಟ್ ಹೋಗಿ ವಿಸಿಡಿ ಬಂತು, ವಿಸಿಡಿ ಹೋಗಿ ಮೊಬೈಲ್ ಬಂತು. ಜನ ವಿಸಿಡಿಗಳನ್ನು ರದ್ದಿಗೆ ಹಾಕುವ ಕಾಲಕ್ಕೆ ನಾನು ರದ್ದಿ ಅಂಗಡಿಯ ನೆಲದ ಮೇಲೆ ಕೂತು ಆರಿಸುತ್ತಿದ್ದೆ. ನಮ್ಮ ಮನೆಯಾಕೆ ನಂದೇಶ್ವರದವಳು, ಮಾತಿನಲ್ಲಿ ಚುರುಕು. ನಾನು ಚೀಲ ಹಿಡಿದು ಬಂದದ್ದು ಕಂಡರೆ ಬಾಗಿಲಲ್ಲೇ ಸುರು ಮಾಡುತ್ತಿದ್ದಳು.

“ಯಾರೂ ಒಯ್ಯಲಾರದ್ದ ನೋಡಿ ನೋಡಿ ಮನಿಗಿ ತರತೀರಿ. ನನ್ನೂ ಹಂಗ ಆರಿಸಿ ತಂದ್ರೇನ್ರಿ?”

“ನಿನ್ನ ಆರಿಸಿದ್ದು ಮಾಮಾ.”

“ಅದಕ್ಕ ನಾ ಇನ್ನೂ ನಡದೀನಿ, ನಿಮ್ಮ ವಿಸಿಡಿ ತಬಕಡಿ ಒಂದೂ ನಡೆಯಂಗಿಲ್ಲ.”

ಆ ಚೀಲದಲ್ಲಿ ಒಮ್ಮೆ ಕವರು ಇಲ್ಲದ ಒಂದು ವಿಸಿಡಿ ಬಂತು. ಮರಾಠಿ ಸಿನೆಮಾ. ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಕಥೆ ಅಂಥಾದ್ದೇನಲ್ಲ. ನಡುವೆ ಒಂದು ಕಡೆ ನಾಯಕಿ ಕಿಟಕಿಯಲ್ಲಿ ನಿಂತು ತಂಗಿಯ ಜೊತೆ ಏನೋ ಉದ್ದಕ್ಕೆ ಮಾತಾಡುತ್ತಾಳೆ. ಕಿಟಕಿಯ ಹೊರಗೆ ಒಂದು ಮದುವೆ ಬ್ಯಾಂಡು ನಿಂತು ಬಾರಿಸುತ್ತಿದೆ. ಅದರಲ್ಲಿ ಒಂದು ಕ್ಲಾರಿನೇಟು. ಒಂದೂವರೆ ನಿಮಿಷ ಇರಬಹುದು. ನಾನು ಊಟದ ತಾಟು ಹಾಗೇ ಬಿಟ್ಟು ಎದ್ದು ಮತ್ತೆ ಹಚ್ಚಿದೆ. ಅದು ಯಾವ ಸಿನೆಮಾದ ಹಾಡೂ ಅಲ್ಲ, ಭಜನೆಯಲ್ಲ, ಸನಾದಿಯವರು ಊದುವ ಧಾಟಿಯೂ ಅಲ್ಲ. ಒಂದು ಸಾಲು ಮೇಲಕ್ಕೆ ಹೋಗಿ ನಿಂತಂತೆ ಮಾಡಿ ನಿಲ್ಲದೆ ಇಳಿಯುತ್ತಿತ್ತು, ಜಿನೆಯ ಮೆಟ್ಟಿಲು ಹತ್ತಿದವ ಏನೋ ಮರೆತೆ ಅಂತ ತಿರುಗಿ ಇಳಿದ ಹಾಗೆ. ಅದನ್ನು ಪೂರ್ತಿ ಕೇಳೋಣ ಅಂದರೆ ನಾಯಕಿ ಮಾತು ನಿಲ್ಲಿಸುವುದಿಲ್ಲ.

ನಾಲ್ಕಾರು ಸಲ ನೋಡಿದ ಮೇಲೆ ಬ್ಯಾಂಡಿನವರ ಹಿಂದಿನ ಗೋಡೆ ಕಂಡಿತು. ಕಲ್ಲಿನ ಗೋಡೆ, ಅದರಲ್ಲಿ ಮೂರು ಮೆಟ್ಟಿಲು, ಮೂರನೆಯದು ಒಡೆದದ್ದು. ಆ ಮೆಟ್ಟಿಲ ಮೇಲೆ ಕೂತು ನಾನು ಸಣ್ಣವನಿದ್ದಾಗ ಪೇರಲ ಹಣ್ಣು ತಿಂದಿದ್ದೇನೆ. ಅಕ್ಕಲಕೋಟೆಯ ನಮ್ಮ ಓಣಿಯ ಆಚೆ ಓಣಿ ಅದು.

ಪೇಠ ಬಂದ್ ಇದ್ದ ದಿನ ಎಸ್ಟಿ ಬಸ್ಸು ಹತ್ತಿ ಅಕ್ಕಲಕೋಟೆಗೆ ಹೋದೆ. ಬ್ಯಾಂಡಿನವರ ಖೋಲಿ ಹುಡುಕುವುದು ಕಷ್ಟವಾಗಲಿಲ್ಲ. ಗೋಡೆಗೆ ಕೆಂಪು ಕೋಟುಗಳು ನೇತಾಡುತ್ತಿದ್ದವು, ಬಾಗಿಲಲ್ಲಿ ಡೋಲು ಬಿಸಿಲಿಗೆ ಇಟ್ಟಿತ್ತು. ಒಳಗೆ ಒಬ್ಬ ಮುದುಕ ಚಾಪೆಯ ಮೇಲೆ ಕೂತು ಕ್ಲಾರಿನೇಟಿನ ತುಂಡುಗಳನ್ನು ಬಿಚ್ಚಿಟ್ಟುಕೊಂಡು ಹಳೇ ಧೋತರದ ಅರಿವೆಯಿಂದ ಒರೆಸುತ್ತಿದ್ದ. ನನ್ನನ್ನು ನೋಡಿದ ಕೂಡಲೇ, “ತಾರೀಖ ಹೇಳ್ರಿ, ಆಮ್ಯಾಲ ಊರು ಹೇಳ್ರಿ,” ಅಂದ.

“ಲಗ್ನ ಇಲ್ಲರಿ ಕಾಕಾ. ಒಂದು ಸಿನೆಮಾದಾಗ ಕ್ಲಾರಿನೇಟ್ ಕೇಳಿ ಬಂದೀನಿ.”

“ಸಿನೆಮಾ?” ಅವನು ಒರೆಸುವುದು ನಿಲ್ಲಿಸಿದ. “ಆ ಮಂದಿ ಸಿನೆಮಾ ಬಿಟ್ಟಾರೇನು? ನಾವೆಲ್ಲಾ ಡಬ್ಬಿಯಾಗ ಉಳೀತು ಅಂತ ಮಾಡಿದ್ವಿ.”

ಅವನು ಆ ಸಿನೆಮಾ ನೋಡಿರಲೇ ಇಲ್ಲ. ಶೂಟಿಂಗ್‌ನವರು ಬಂದು ದಿನವೆಲ್ಲ ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಏನಾದರೂ ಊದು, ಆದರೆ ಯಾವ ಸಿನೆಮಾದ ಹಾಡೂ ಬೇಡ, ಆಮೇಲೆ ತಂಟೆ ಬರುತ್ತದೆ ಅಂದರಂತೆ. ಬ್ಯಾಂಡಿನವನಿಗೆ ಸಿನೆಮಾ ಹಾಡು ಬೇಡ ಅಂದರೆ ಬಾಯಿ ಕಟ್ಟಿದ ಹಾಗೆ. ಅವನ ಹತ್ತಿರ ಸ್ವಂತದ್ದು ಅಂತ ಇದ್ದದ್ದು ಒಂದೇ ಒಂದು. ಅದನ್ನು ಬ್ಯಾಂಡಿನವರು ಚಪ್ಪಲಿ ಗತ್ತು ಅನ್ನುತ್ತಿದ್ದರು; ಗತ್ತು ಅಂದರೆ ವಾದ್ಯಕ್ಕೆಂದೇ ಕಟ್ಟಿದ ಧಾಟಿ.

ಆ ಹೆಸರು ಯಾಕೆ ಅಂದರೆ, ಮದುವೆಯಲ್ಲಿ ಬ್ಯಾಂಡಿನವನಿಗೆ ಬೆಳಗಿನಿಂದ ಫರ್ಮಾಯಿಶಿ ಇರುತ್ತದೆ. ಈ ಹಾಡು ಹೊಡಿ, ಆ ಹಾಡು ಹೊಡಿ. ಊಟ ಮುಗಿದು ಮದುಮಗಳನ್ನು ಗಾಡಿಗೆ ಹತ್ತಿಸುವ ಮುಂಚೆ ಸ್ವಲ್ಪ ಹೊತ್ತು ಯಾರೂ ಏನೂ ಕೇಳುವುದಿಲ್ಲ. ಹೆಣ್ಣಿನವರು ಅಳುತ್ತಿರುತ್ತಾರೆ, ಗಂಡಿನವರು ಚಪ್ಪಲಿ ಹುಡುಕುತ್ತಿರುತ್ತಾರೆ. ಬ್ಯಾಂಡು ನಿಲ್ಲಿಸಿದರೆ ಬೈಗಳು, ಬಾರಿಸಿದರೆ ಕೇಳುವವರಿಲ್ಲ. ಆ ಹೊತ್ತಿಗೆ ಊದಲು ಅವನು ಹರೆಯದಲ್ಲಿ ಕಟ್ಟಿದ ಗತ್ತು ಅದು. ದುಧನಿಯಿಂದ ಸೊಲ್ಲಾಪುರದವರೆಗೆ ಎಷ್ಟೋ ಮದುವೆಯಲ್ಲಿ ಊದಿದ್ದಾನೆ. ಸಾವಿರಾರು ಜನರ ಕಿವಿಗೆ ಬಿದ್ದಿದೆ, ಒಬ್ಬರೂ ಕೇಳಿಲ್ಲ.

ಯಾರಿಗೂ ಗೊತ್ತಿಲ್ಲದ ಹಾಡು ಹುಡುಕುತ್ತ ತಿರುಗಿದವನಿಗೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು? ನನ್ನ ಎದೆ ಹಿಗ್ಗಿತು. ಮೊಬೈಲ್ ತೆಗೆದೆ.

ಆಮೇಲೆ ಅಂಗಡಿಗೆ ಸೂಟಿ ಸಿಕ್ಕಾಗೆಲ್ಲ ಹೋದೆ. ಅವನು ಊದುತ್ತಿದ್ದ, ನಾನು ತುಂಬಿಕೊಳ್ಳುತ್ತಿದ್ದೆ. ನಮ್ಮಲ್ಲಿ ರೆಕಾರ್ಡಿಂಗ್ ಮಾಡುವುದಕ್ಕೆ ಹಾಡು ತುಂಬುವುದು ಅನ್ನುತ್ತಾರೆ, ಕೊಡದಲ್ಲಿ ನೀರು ತುಂಬಿದ ಹಾಗೆ. ಪೂರ್ತಿ ಗತ್ತು ಉದ್ದವಿತ್ತು. ಒಮ್ಮೆ ಸುರು ಮಾಡಿದರೆ ಹೊರಗಿನ ಬಿಸಿಲು ಹೊಸ್ತಿಲು ದಾಟಿ ಚಾಪೆಗೆ ಬರುತ್ತಿತ್ತು. ಒಂದೊಂದು ಸಲ ಕೊನೆಯನ್ನು ಬೇರೆ ಬೇರೆ ಮಾಡುತ್ತಿದ್ದ. ನಾನು ಮೊಬೈಲನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಕುಣಿಯುವ ಗೆರೆ ನೋಡುತ್ತಿದ್ದೆ. ಗೆರೆ ಕೆಂಪಾದರೆ ಹಿಂದೆ ಸರಿಯಬೇಕು, ಸಣ್ಣದಾದರೆ ಮುಂದೆ. ಓಣಿಯಲ್ಲಿ ಸ್ಕೂಟರ್ ಬಂದರೆ ಸಿಟ್ಟು ಬರುತ್ತಿತ್ತು.

“ತಮ್ಮಾ, ಅದನ್ನ ಕೆಳಗಿಡು,” ಅಂದಿದ್ದ ಒಮ್ಮೆ. ಅಷ್ಟೊತ್ತಿಗೆ ನಾನು ‘ರೀ’ಯಿಂದ ‘ತಮ್ಮಾ’ ಆಗಿದ್ದೆ. “ಮೊದಲ ಕೇಳು.”

“ಮನಿಗಿ ಹೋಗಿ ಆರಾಮ ಕೇಳತೀನ್ರಿ ಕಾಕಾ. ಈಗ ಚಂದಂಗ ತುಂಬಲಿ.”

“ಮನ್ಯಾಗ ನಾ ಇರೂದಿಲ್ಲಲಾ.”

“ನೀವು ಇದರಾಗ ಇರ್ತೀರಿ.”

ಅವನು ನಕ್ಕು, “ಹಂಗಾದ್ರ ಇದಕ್ಕ ಚಾ ಹಾಕು,” ಅಂದು ಕಪ್ಪನ್ನು ಮೊಬೈಲಿನ ಮುಂದೆ ಸರಿಸಿದ.

ಅವನದೊಂದು ಆಸೆ ಇತ್ತು. ಅದನ್ನು ಕೇಳಿಕೊಳ್ಳುವ ಹಾಗೆ ಕೇಳಲಿಲ್ಲ, ಮಾತಿನಲ್ಲಿ ಮಾತು ಬಂದಾಗ ಹೇಳಿದ. ಊದುವವನ ಬೆನ್ನಿಗೇ ಡೋಲು, ಮಗ್ಗಲಿಗೆ ಝಾಂಜು. ಅವನಿಗೆ ತನ್ನ ಗತ್ತು ಎಂದೂ ಹೊರಗಿನಿಂದ ಕೇಳಿಸಿಲ್ಲ. ಖೋಲಿಯಲ್ಲಿ ಒಬ್ಬನೇ ಊದಿದರೂ ಹಲ್ಲಿನ ಎಲುಬಿನೊಳಗೆ ಝುಂ ಅನ್ನುವುದೇ ಹೆಚ್ಚು. ಮದುವೆಯ ಮಂದಿಯ ನಡುವೆ, ದೂರ ಒಂದು ಕಡೆ, ಚಪ್ಪಲಿ ಹುಡುಕುವವನ ಹಾಗೆ ನಿಂತು ಅದನ್ನು ಕೇಳಬೇಕು. “ಅದು ಹೆಂಗ ಕೇಳಸ್ತದ ಅಂತ ನನಗ ಗೊತ್ತಿಲ್ಲ ನೋಡು. ನೀ ಹೇಳತಿ ಚಲೋ ಅದ ಅಂತ. ನೀ ಹೇಳಿದ್ದು ನಾ ನಂಬಬೇಕು.”

ಆಗಲೇ ಮೊಬೈಲಿನಲ್ಲಿ ಹಚ್ಚಿ ಕಿವಿಗೆ ಹಿಡಿದೆ. ವರ್ಷಗಟ್ಟಲೆ ಡೋಲಿನ ಮುಂದೆ ನಿಂತ ಕಿವಿ, ಮಂದವಾಗಿತ್ತು. “ಸೊಳ್ಳಿ ಅಂದಂಗ ಆಗತದ,” ಅಂದು ದೂರ ಸರಿಸಿದ. ದೊಡ್ಡ ಸ್ಪೀಕರ್ ತರುತ್ತೇನೆ, ಅಂಗಳದಲ್ಲಿ ಇಟ್ಟು ನಿಮ್ಮನ್ನು ಓಣಿಯ ಆ ತುದಿಯಲ್ಲಿ ನಿಲ್ಲಿಸಿ ಕೇಳಿಸುತ್ತೇನೆ ಅಂತ ಮಾತು ಕೊಟ್ಟೆ. ಸ್ಪೀಕರ್ ನನ್ನ ಅಂಗಡಿಯಲ್ಲೇ ಇತ್ತು. ಒಯ್ಯುವುದಷ್ಟೇ ಬಾಕಿ.

ಲಗ್ನಸರಾಯಿ, ಮದುವೆಯ ಹಂಗಾಮು, ಸುರುವಾಯಿತು. ಅವನಿಗೂ ಕೆಲಸ, ನನಗೂ ಕೆಲಸ. ಒಂದು ದಿನ ಫೋನು ಮಾಡಿಸಿದ. ಮೇಲ್ಸಾಲಿನ ಮುಂದಿನ ಹಲ್ಲುಗಳು ಅಳ್ಳಾಡುತ್ತಿವೆ, ಡಾಕ್ಟರ್ ಎಲ್ಲ ತೆಗೆಯಬೇಕು ಅಂತಾನೆ, ತೆಗೆದ ಮೇಲೆ ಕ್ಲಾರಿನೇಟು ಹಿಡಿಯಲು ಬರುವುದಿಲ್ಲ, ಕಡೆಯದೊಂದು ತುಂಬಿಕೊಂಡು ಹೋಗು ಅಂತ. ಹೋದೆ. ಆ ದಿನ ಅವನು ಊದಿದ್ದು ಎಲ್ಲಕ್ಕಿಂತ ಚಲೋ ಇತ್ತು ಅಂತ ನನಗೆ ಅನಿಸಿತ್ತು. ಅನಿಸಿತ್ತು ಅಷ್ಟೇ, ಗೆರೆ ನೋಡುತ್ತಿದ್ದೆನಲ್ಲ.

ಸೊಲ್ಲಾಪುರಕ್ಕೆ ಬಂದು ಪೇಠೆಯಲ್ಲಿ ಹೇಳಿಕೊಂಡು ತಿರುಗಿದೆ. ಇಡೀ ದೇಶದಲ್ಲಿ ಯಾರ ಹತ್ತಿರವೂ ಇಲ್ಲದ ಹಾಡು ನನ್ನ ಕಿಸೆಯಲ್ಲಿದೆ ಅಂತ. ಮನೆಯಲ್ಲಿ ಕೂತು ಹಚ್ಚಿ ಕೇಳುವುದು ಮಾತ್ರ ನಾಳೆ ನಾಳೆ ಅಂತ ಉಳಿದೇಬಿಟ್ಟಿತು. ಮಗಳು ಕಾಲೇಜಿಗೆ ಹೋಗುವವಳು, “ಅಪ್ಪಾ, ನೆಟ್ಟಿಗೆ ಹಾಕೂಣ್ರಿ, ಮಂದಿ ಕೇಳತಾರ,” ಅಂದಳು. ಮಂದಿ ಕೇಳಿದರೆ ಅದು ಮತ್ತೆ ಯಾರಿಗೂ ಗೊತ್ತಿಲ್ಲದ ಹಾಡು ಹೇಗಾದೀತು? ಈಗಲೇ ಬೇಡ ಅಂದೆ. ಮನೆಯಾಕೆ ಅಂದಳು, “ಉಪ್ಪಿನಕಾಯಿ ಸುದ್ದಾ ಎರಡ ಭರಣಿಯಾಗ ಹಾಕಿಡತೀವ್ರಿ. ಇನ್ನೊಂದ ಕಡಿ ತುಂಬಿಡ್ರಿ.” ನೋಡೋಣ ಅಂದೆ.

ಅದೇ ಸರಾಯಿಯ ಗದ್ದಲದಲ್ಲಿ ಅವಳಿಗೆ ತವರಿಗೆ ಹೋಗುವುದಿತ್ತು. ನಂದೇಶ್ವರದವರೆಗೆ ಜೀಪಿನಲ್ಲಿ ಕೇಳಲು ನಾಲ್ಕು ಭಜನೆ ತುಂಬಿಸಿಕೊಡಿ ಅಂದಳು. ಬೆಳಿಗ್ಗೆ ಮೊಬೈಲಿನಿಂದ ಮೆಮರಿ ಕಾರ್ಡು ಬಿಚ್ಚಿ, ನಮ್ಮ ಸಾಲಿನ ಕೊನೆಯ ಮೊಬೈಲ್ ಅಂಗಡಿಯವನಿಗೆ ಕೊಟ್ಟು ಬಂದೆ. ಭಜನೆ ತುಂಬು, ಸಂಜೆ ಒಯ್ಯುತ್ತೇನೆ ಅಂದೆ. ಅವನು ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವ, ಅವನ ಮನೆಯಲ್ಲಿ ಮರಾಠಿ ಬಿಟ್ಟರೆ ಬೇರೆ ಮಾತಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮದುವೆಯ ಮನೆಯವರೆಲ್ಲ ಒಮ್ಮೆಗೇ ಬಂದಿದ್ದರು. ನಾನು ಒಂದು ಸೀರೆ ಹಿಡಿದುಕೊಂಡು ರಸ್ತೆಗೆ ಬಂದು ಬಿಸಿಲಿನಲ್ಲಿ ಅಸ್ತರದ ಬಣ್ಣ ಹೊಂದಿಸುತ್ತಿದ್ದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹೊಂದಿದ್ದು ಬಿಸಿಲಿಗೆ ಹೊಂದುವುದಿಲ್ಲ, ಅದಕ್ಕೆ ಹೊರಗೆ ಬಂದೇ ನೋಡಬೇಕು. ಮೊಬೈಲ್ ಅಂಗಡಿಯವನ ಫೋನು ಬಂತು. ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

ಕಾರ್ಡಿನಲ್ಲಿ ಜಾಗವೇ ಇಲ್ಲ ಕಾಕಾ, ಏನೇನೋ ತುಂಬಿಕೊಂಡಿದೆ, ಏನು ಮಾಡಲಿ ಅಂತ ಅವನು ಮರಾಠಿಯಲ್ಲಿ ಕೇಳಿದ.

ಯಾವುದು ಇಡಬೇಕು, ಯಾವುದು ತೆಗೀಬೇಕು, ನನ್ನನ್ನು ಕೇಳಿ ಆಮೇಲೆ ತುಂಬು ಅಂತ ನನಗೆ ಹೇಳಬೇಕಿತ್ತು. ನನ್ನ ಬಾಯಲ್ಲಿ ನನ್ನ ಮರಾಠಿ ಬಂತು.

“ಪುಸೂನ್ ಭರ್ ರೇ ಬಾಬಾ. ಪುಸೂನ್ ಭರ್.”

ಎರಡು ಸಲ ಹೇಳಿದೆ. ಮತ್ತೆ ಮರೆತಾನು ಅಂತ.

ಅವನು ಮರೆಯಲಿಲ್ಲ. ಪೂರ್ತಿ ಒರೆಸಿದ, ಆಮೇಲೆ ತುಂಬಿದ. ಜಾಗ ಭಾಳ ಉಳಿಯಿತು ಅಂತ ಭಜನೆಯ ಜೊತೆಗೆ ತನ್ನ ಖುಷಿಯಿಂದ ನೂರಾರು ಸಿನೆಮಾ ಹಾಡುಗಳನ್ನೂ ಹಾಕಿಕೊಟ್ಟ. ಪ್ರತಿ ಗಣಪತಿ ಮಂಡಳದಲ್ಲಿ, ಪ್ರತಿ ರಿಕ್ಷಾದಲ್ಲಿ ಕೂಗುವಂಥವು. ಸಂಜೆ ಮನೆಯಲ್ಲಿ ಕಾರ್ಡು ಹಾಕಿ ನೋಡಿದಾಗ ಅವೇ ಬಂದವು, ಒಂದರ ಹಿಂದೆ ಒಂದು. ಕೆಳಗೆ ಕೆಳಗೆ ಸರಿಸುತ್ತ ಹೋದೆ. ಮನೆಯಾಕೆ ಮೊದಲು ನಕ್ಕಳು, ನನ್ನ ಮಾರಿ ನೋಡಿ ನಗು ನಿಲ್ಲಿಸಿದಳು. ಅವಳು ಆ ದಿನದಿಂದ ಇವತ್ತಿನವರೆಗೆ ಉಪ್ಪಿನಕಾಯಿ ಭರಣಿಯ ಮಾತು ಮತ್ತೆ ಎತ್ತಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತು.

ಮೊಬೈಲ್ ಅಂಗಡಿಯವನ ಹತ್ತಿರ ಹೋಗಿ ಕೂಗಾಡಿದೆ. ಅವನು ಪಾಪ, ಕುರ್ಚಿ ಬಿಟ್ಟು ಎದ್ದು ನಿಂತ. “ಕಾಕಾ, ತುಮ್ಹೀಚ್ ಮ್ಹಣಾಲಾತ್,” ಅಂದ. ನೀವೇ ಅಂದಿರಿ. ಅವನದು ತಪ್ಪು ಅನ್ನಲು ಬರುವ ಹಾಗಿರಲಿಲ್ಲ. ಜಾಗ ಇಲ್ಲ, ಏನು ಮಾಡಲಿ ಅಂತ ಕೇಳಿದವನಿಗೆ ಒರೆಸಿ ತುಂಬು ಅಂತ ಉತ್ತರ ಬಂದರೆ ಯಾರಾದರೂ ಒರೆಸುತ್ತಾರೆ. ಅವನೇ ನನ್ನನ್ನು ಕರೆದುಕೊಂಡು ಕಂಪ್ಯೂಟರ್ ದುರಸ್ತಿಯವನ ಹತ್ತಿರ ಹೋದ. ಒರೆಸಿದ್ದನ್ನು ತಿರುಗಿ ತೆಗೆಯಲು ಬರುತ್ತದಂತೆ, ಆದರೆ ಅದರ ಮೇಲೆ ಹೊಸದು ತುಂಬಿದ್ದರೆ ಕಷ್ಟ. ಎರಡು ದಿನ ಬಿಟ್ಟು ಹೋದಾಗ ಅಸ್ತರದ ಬಣ್ಣಗಳ ಫೋಟೋ ಒಂದಿಷ್ಟು, ಮಗಳ ಕಾಲೇಜು ಗ್ಯಾದರಿಂಗಿನ ಹರಕು ಮುರುಕು ವಿಡಿಯೋ, ಮತ್ತು ಕ್ಲಾರಿನೇಟಿನ ಒಂದು ತುಣುಕು ಸಿಕ್ಕಿದ್ದವು. ತುಣುಕು ಹಚ್ಚಿದೆವು. ಅದರಲ್ಲಿ ಅಕ್ಕಲಕೋಟೆಯ ಕಾಕಾ ಕೆಮ್ಮಿದ. ಚಾಪೆಯ ಮೇಲೆ ಏನೋ ಸರಿಸಿದ ಸಪ್ಪಳ. ಆಮೇಲೆ, “ಸುರು ಆತೇನು?” ಅಂತ ಕೇಳಿದ. ಅಷ್ಟಕ್ಕೆ ನಿಂತಿತು.

ಅಕ್ಕಲಕೋಟೆಗೆ ಹೋಗಲು ನನಗೆ ಮುಂದಿನ ದೀಪಾವಳಿಯವರೆಗೆ ಕಾಲು ಏಳಲಿಲ್ಲ. ಹೋದಾಗ ಅವನು ಹಾಲಿನಲ್ಲಿ ರೊಟ್ಟಿ ನೆನೆಹಾಕಿ ತಿನ್ನುತ್ತಿದ್ದ. ಗಲ್ಲ ಒಳಗೆ ಹೋಗಿತ್ತು. ನನ್ನ ಕೈ ಬರಿದಾಗಿದ್ದನ್ನು ನೋಡಿ, “ಸ್ಪೀಕರ್ ಬಸ್‌ನಾಗ ಬಿಟ್ಟು ಬಂದ್ಯೇನು?” ಅಂದ.

ಎಲ್ಲ ಹೇಳಿದೆ. ಪುಸೂನ್ ಭರ್ ಅಂದದ್ದನ್ನೂ ಹೇಳಿದೆ. ಅವನು ರೊಟ್ಟಿ ನುಂಗುವುದು ಬಿಟ್ಟು ನಗಲು ಸುರು ಮಾಡಿದ. ಹಲ್ಲಿಲ್ಲದ ನಗು, ಹಾಲು ಗದ್ದಕ್ಕೆ ಹರಿಯಿತು.

“ಭಜನಿ ಮಾತು ಮೊಬೈಲಿಗಿ ಹೇಳಿದ್ಯಲ್ಲೋ ತಮ್ಮಾ.”

“ತಪ್ಪಾತ್ರಿ ಕಾಕಾ.”

“ಕನ್ನಡದಾಗ ಹೇಳಿದ್ರ ಆಗತಿತ್ತು. ಕೇಳಿ ತುಂಬು ಅಂತ.”

“ಅವಗ ಕನ್ನಡ ಬರಂಗಿಲ್ಲರಿ.”

“ಅವಗ ಬರಂಗಿಲ್ಲ. ನಿನಗ?” ಅವನು ಗದ್ದ ಒರೆಸಿಕೊಂಡ. “ಕೇಳಿ ತುಂಬು ಅಂತ ನಿನಗ ನಾನೂ ಹೇಳಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ ಮೇಲೆ ಬಟ್ಟಲು ಎತ್ತಿ ಉಳಿದ ಹಾಲು ಕುಡಿದ. ನಾನು ಗೋಡೆಯ ಕೆಂಪು ಕೋಟು ನೋಡುತ್ತ ಕೂತೆ. ಒಂದು ಕೋಟಿನ ಬಗಲಿಗೆ ಬೇರೆ ಕೆಂಪಿನ ತೇಪೆ ಹಾಕಿದ್ದರು. ಹೊಂದಿರಲಿಲ್ಲ.

“ಇರಲಿ,” ಅಂದ. “ಅಷ್ಟ ಸಲ ಬಂದೀದಿ. ಗುನುಗು ನೋಡೂಣು. ಎಲ್ಲಿ ತಪ್ಪತದ ಅಲ್ಲಿ ನಾ ಹೇಳತೀನಿ. ನಿನ್ನ ಬಾಯಿಲೆ ಆದ್ರೂ ಹೊರಗಿಂದ ಕೇಳೂಣಂತ.”

ನಾನು ಸುರು ಮಾಡಿದೆ. ಮೊದಲ ಸಾಲು ಬಂತು. ಅದೂ ವಿಸಿಡಿಯಲ್ಲಿ ನಾಯಕಿಯ ಮಾತಿನ ಸಂದಿಯಲ್ಲಿ ಕೇಳಿದ್ದು. ಎರಡನೆಯದು ಬರಲಿಲ್ಲ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕಣ್ಣೊಳಗೆ ಗೆರೆ ಕುಣಿಯುವುದು ಕಂಡಿತು, ಎಲ್ಲಿ ಎತ್ತರ, ಎಲ್ಲಿ ಸಣ್ಣದು, ಎಲ್ಲಿ ಕೆಂಪಾಗುತ್ತಿತ್ತು, ಎಲ್ಲ ಸಾಫ್ ಕಂಡಿತು. ಸ್ವರ ಮಾತ್ರ ಇಲ್ಲ. ಅವನು ಕಾಯುತ್ತ ಕೂತಿದ್ದ, ಮಂದ ಕಿವಿಯನ್ನು ನನ್ನ ಕಡೆ ಮಾಡಿ. ಅಷ್ಟು ಹೊತ್ತು ನನಗಾಗಿ ಯಾವ ಮಾಸ್ತರನೂ ಕಾದಿರಲಿಲ್ಲ.

“ನೀವ ಗುನುಗ್ರಿ ಕಾಕಾ,” ಅಂದೆ.

“ನನ್ನ ಬಾಯಿಗಿ ಅದು ಗೊತ್ತಿಲ್ಲೋ. ಬೆರಳಿಗಿ ಗೊತ್ತದ.”

ಚೀಲದಿಂದ ಕ್ಲಾರಿನೇಟು ತೆಗೆದು ಜೋಡಿಸಿದ. ಬಾಯಿಗೆ ಇಡಲಿಲ್ಲ, ಎದೆಗೆ ಆನಿಸಿಕೊಂಡ. ಬೆರಳು ಓಡತೊಡಗಿದವು. ಉಸಿರಿಲ್ಲ, ಸ್ವರವಿಲ್ಲ, ಗುಂಡಿಗಳು ಮಾತ್ರ ಟಕ ಟಕ ಅನ್ನುತ್ತಿದ್ದವು. ಅಷ್ಟರಲ್ಲಿ ನನ್ನ ಕೈ ರೂಢಿಯಂತೆ ಕಿಸೆಗೆ ಹೋಯಿತು. ತುಂಬಿಕೊ ಅಂತ ಒಂದು ಮನಸ್ಸು, ಇನ್ನಾದರೂ ಕೇಳು ಅಂತ ಒಂದು ಮನಸ್ಸು. ಕೈ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದೆ. ಬಿಸಿಲು ಹೊಸ್ತಿಲು ದಾಟಿ ಚಾಪೆಗೆ ಬಂದ ಹೊತ್ತಿಗೆ ಅವನು ನಿಲ್ಲಿಸಿದ.

ತಿರುಗಿ ಬರುವಾಗ ಎಸ್ಟಿಯಲ್ಲಿ ಹೊಳೆಯಿತು: ಬೆರಳಿನ ವಿಡಿಯೋ ತೆಗೆದಿದ್ದರೆ ಕ್ಲಾರಿನೇಟು ಬಲ್ಲವ ಯಾರಾದರೂ ಬೆರಳು ನೋಡಿ ಸ್ವರ ತೆಗೆಯುತ್ತಿದ್ದ. ತುಂಬಬಾರದ ಹೊತ್ತಿಗೆ ತುಂಬಿದವನು, ತುಂಬಬೇಕಾದ ಹೊತ್ತಿಗೆ ಕೈ ಕಟ್ಟಿ ಕೂತೆ. ಮುಂದಿನ ಸಲ ಸ್ಟ್ಯಾಂಡು ಸಮೇತ ಹೋದೆ. ಅವನು ಕ್ಲಾರಿನೇಟು ಎದೆಗಿಟ್ಟುಕೊಂಡ, ಬೆರಳು ಎರಡನೇ ಸಾಲಿನ ನಡುವೆ ನಿಂತವು. ಮತ್ತೆ ಮೊದಲಿನಿಂದ ಹಿಡಿದ, ಅಲ್ಲಿಗೇ ನಿಂತವು. “ಅವತ್ತ ಬಂತು. ಇವತ್ತ ಒಲ್ಲೆ ಅಂತಾವ,” ಅಂದ. ಉಸಿರು ಇಲ್ಲದ ಮೇಲೆ ಬೆರಳಿಗೂ ದಾರಿ ಮರೆಯುತ್ತದೆಯೋ ಏನೋ. ಆಮೇಲೆ ಎಷ್ಟೋ ಸಲ ಕೂತೆವು, ಅದರ ಮುಂದೆ ಹೋಗಲಿಲ್ಲ.

ಬ್ಯಾಂಡಿನ ಬೇರೆಯವರನ್ನು ವಿಚಾರಿಸಿದೆ. ಈಗ ನಾನು ವಿಚಾರಣೆ ಅಂತಲೇ ಅನ್ನುತ್ತೇನೆ. ಡೋಲಿನವನು, “ಚಪ್ಪಲಿ ಗತ್ತೇನು? ನಾವು ಆವಾಗ ಬೀಡಿ ಸೇದಾಕ ಹೋಗತಿದ್ವಿ,” ಅಂದ. ದುಧನಿಯಲ್ಲಿ ಕಾಕಾನ ಹಳೇ ಜೊತೆಗಾರನೊಬ್ಬ ಇದ್ದಾನೆ, ಅವನಿಗೆ ತಾಳ ನೆನಪಿದೆ, ಧಾಟಿ ಇಲ್ಲ. ನನ್ನ ಅಂಗಡಿಗೆ ಬರುವ ಅಕ್ಕಲಕೋಟೆ ಕಡೆಯ ಹೆಣ್ಣುಮಕ್ಕಳಿಗೆ, ನಿಮ್ಮ ಮದುವೆಯಲ್ಲಿ ಗಾಡಿ ಹತ್ತುವಾಗ ಬ್ಯಾಂಡಿನವರು ಏನು ಬಾರಿಸುತ್ತಿದ್ದರು ಅಂತ ಕೇಳುತ್ತೇನೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಒಬ್ಬಾಕೆ ಮಾತ್ರ ಆರಿಸಿದ ಪೀಸು ಮಡಚಿಟ್ಟು, “ಏನೋ ಬಾರಸತಿದ್ರು ಖರೆ. ನಾ ಅಳಾಕತ್ತಿದ್ದೆ,” ಅಂದಳು. ಅವಳಿಗೆ ಅಸ್ತರ ಒಂದು ಗೇಣು ಹೆಚ್ಚು ಹರಿದುಕೊಟ್ಟೆ.

ಕಾಕಾ ಇದ್ದಾನೆ. ಕಿವಿ ಇನ್ನೂ ಮಂದವಾಗಿದೆ. ತಿಂಗಳಿಗೊಮ್ಮೆ ಹೋಗುತ್ತೇನೆ, ಮೊಬೈಲು ಮನೆಯಲ್ಲಿಟ್ಟು. ನಾನು ಅವನ ಕಿವಿಯ ಹತ್ತಿರ ಬಾಗಿ ನನಗೆ ಬರುವಷ್ಟು ಗುನುಗುತ್ತೇನೆ. ಅವನು ಕೈ ಎತ್ತಿ ಇಲ್ಲಿ ಇಳಿಸು, ಇಲ್ಲಿ ತಡಿ ಅನ್ನುತ್ತಾನೆ. ನಿಂತಲ್ಲಿ ನಿಲ್ಲುತ್ತೇನೆ. ಆಗ, “ಮುಂದ?” ಅಂತ ಕೇಳುತ್ತಾನೆ. ಆಮೇಲೆ ಅವನೇ ಚಾ ಹೇಳುತ್ತಾನೆ.

ಈಗ ನನ್ನ ಹತ್ತಿರ ಇರುವುದು: ಗೀರು ಬಿದ್ದ ವಿಸಿಡಿ ಒಂದು, ಅದರಲ್ಲಿ ಒಂದೂವರೆ ನಿಮಿಷ. ಕಾರ್ಡು ಒಂದು, ಅದರಲ್ಲಿ ಒಂದು ಕೆಮ್ಮು, ಒಂದು ಮಾತು. ಅಂಗಳಕ್ಕೆ ಒಯ್ಯಬೇಕೆಂದಿದ್ದ ಸ್ಪೀಕರ್ ಒಂದು. ಬಾಯಿಗೆ ಬರುವುದು ಒಂದು ಸಾಲು, ಇನ್ನೊಂದರ ಅರ್ಧ.